ರಜೆಯ ದುಡಿಮೆಯೂ ಮರಳಿ ಬರುವ ದಾರಿಯೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಸುತ್ತುವ ಖರ್ಚನ್ನು ಯಾರು ಕೊಡಬೇಕೆಂಬುದನ್ನು ಮಾತ್ರ ಹೇಳಲಿಲ್ಲ. ಅವರ ಕಾಲದಲ್ಲಿ ಸುತ್ತುವವನಿಗೆ ಛತ್ರವಿತ್ತು, ಓದುವವನಿಗೆ ವಾರಾನ್ನವಿತ್ತು. ಈಗ ಛತ್ರಗಳು ಕಲ್ಯಾಣಮಂಟಪಗಳಾಗಿವೆ, ವಾರಾನ್ನದ ಮನೆಗಳು ಬಾಗಿಲು ಹಾಕಿಕೊಂಡಿವೆ. ಈ ತೊಡಕಿಗೆ ಯುರೋಪಿನ ಕೆಲವು ದೇಶಗಳ ವಿದ್ಯಾರ್ಥಿಗಳು ಒಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಬೇಸಿಗೆಯ ರಜೆಯಲ್ಲಿ ಪರದೇಶಕ್ಕೆ ಹೋಗಿ ದುಡಿಯುವುದು. ರಜೆ ಮುಗಿದೊಡನೆ ಹಿಂದಿರುಗಿ ತಮ್ಮ ಕಾಲೇಜಿನ ಬೆಂಚಿನ ಮೇಲೆ ಮೊದಲಿನಂತೆ ಕೂಡುವುದು. ಈ ಪದ್ಧತಿಯ ಗುಣದೋಷಗಳನ್ನು ಕುರಿತು, ಅದಕ್ಕಿಂತ ಹೆಚ್ಚಾಗಿ ಆ ಹಿಂದಿರುಗುವಿಕೆಯನ್ನು ಕುರಿತು, ನನಗೆ ತೋಚಿದ ಕೆಲವು ಮಾತುಗಳನ್ನು ಸಹಪಾಠಿಗಳ ಮತ್ತು ಅಧ್ಯಾಪಕರ ಮುಂದಿಡುತ್ತೇನೆ.

ಐರ್ಲೆಂಡನ್ನೇ ತೆಗೆದುಕೊಳ್ಳೋಣ. ಅಲ್ಲಿ ಮೇ ತಿಂಗಳಲ್ಲಿ ಪರೀಕ್ಷೆಗಳು ಮುಗಿದರೆ ಕಾಲೇಜು ಮತ್ತೆ ತೆರೆಯುವುದು ಸೆಪ್ಟೆಂಬರಿಗೆ. ಈ ನಡುವಣ ಅವಧಿಯಲ್ಲಿ ಅಮೆರಿಕೆಗೆ ಹೋಗಿ ದುಡಿದು ಬರುವುದು ಅಲ್ಲಿನ ವಿದ್ಯಾರ್ಥಿಗಳಿಗೆ 1960ರ ದಶಕದಿಂದ ರೂಢಿಯಾಗಿದೆ. ಇದಕ್ಕೆ ಬೇಕಾದ ಪರವಾನಗಿಗೆ ಜೆ-1 ವೀಸಾ ಎಂದು ಹೆಸರು. ಅಮೆರಿಕದ ಶಾಸನಸಭೆ 1961ರಲ್ಲಿ ಮಾಡಿದ ಸಾಂಸ್ಕೃತಿಕ ವಿನಿಮಯದ ಕಾನೂನೇ ಇದರ ತಳಹದಿ. ಬಲ್ಗೇರಿಯ, ರುಮೇನಿಯ, ತುರ್ಕಿ, ಜಮೈಕ ಮೊದಲಾದ ನಾಡುಗಳ ಹುಡುಗ ಹುಡುಗಿಯರೂ ಇದೇ ದಾರಿ ಹಿಡಿದಿದ್ದಾರೆ. 2008ರಲ್ಲಿ ಹೀಗೆ ಹೋದವರ ಸಂಖ್ಯೆ ಒಂದೂವರೆ ಲಕ್ಷವನ್ನು ಮುಟ್ಟಿತ್ತು. ಅನಂತರ ಸರ್ಕಾರವು ವರ್ಷಕ್ಕೆ 1,09,000 ಎಂಬ ಮಿತಿಯನ್ನು ಹಾಕಿತು. ಹೋದವನು ಕಾಲೇಜಿನ ವಿದ್ಯಾರ್ಥಿಯೇ ಆಗಿರಬೇಕು. ನಾಲ್ಕು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ತನ್ನ ಕಾಲೇಜು ತೆರೆಯುವ ಹೊತ್ತಿಗೆ ಊರಿಗೆ ಮರಳತಕ್ಕದ್ದು. ಈ ಕೊನೆಯ ನಿಬಂಧನೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಅದರಿಂದ ಕೆಲಸವಿದೆ.

ಕೆಲಸವೆಂದರೆ ದೊಡ್ಡ ಉದ್ಯೋಗವೇನೂ ಅಲ್ಲ. ಕಡಲತೀರದ ಹೋಟೆಲುಗಳಲ್ಲಿ ಹಾಸಿಗೆ ಹಾಸುವುದು, ತಟ್ಟೆ ತೊಳೆಯುವುದು, ಮೇಜಿಗೆ ಬಡಿಸುವುದು, ಮಕ್ಕಳ ವಿಹಾರಸ್ಥಾನಗಳಲ್ಲಿ ಟಿಕೇಟು ಹರಿಯುವುದು. ವೈದ್ಯವನ್ನು ಓದುವವನೂ ಇದನ್ನೇ ಮಾಡುತ್ತಾನೆ, ತತ್ತ್ವಶಾಸ್ತ್ರವನ್ನು ಓದುವವಳೂ ಇದನ್ನೇ ಮಾಡುತ್ತಾಳೆ. ಪರದೇಶಕ್ಕೆ ಹೋಗಿ ಎಂಜಲು ಎತ್ತಿ ಬಂದನೆಂದು ಅಲ್ಲಿ ಯಾರೂ ಮೂಗು ಮುರಿಯುವುದಿಲ್ಲವಂತೆ.

ಇದು ನಮ್ಮ ದೇಶಕ್ಕೆ ತೀರ ಹೊಸದೆಂದು ಭಾವಿಸಬೇಕಾಗಿಲ್ಲ. ಜಯಪ್ರಕಾಶ ನಾರಾಯಣರು 1922ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯವನ್ನು ತಲಪಿದಾಗ ಕೈಯಲ್ಲಿ ಹೆಚ್ಚು ಹಣವಿರಲಿಲ್ಲ. ಕಾಲೇಜು ಸೇರುವ ಮೊದಲೇ ದ್ರಾಕ್ಷಿಯ ತೋಟಗಳಲ್ಲಿ ಕೂಲಿಗೆ ನಿಂತರು. ಮುಂದಿನ ವರ್ಷಗಳಲ್ಲಿ ಹಣ್ಣಿನ ಪೆಟ್ಟಿಗೆಗಳನ್ನು ಕಟ್ಟಿದರು, ಹೋಟೆಲುಗಳಲ್ಲಿ ಪಾತ್ರೆ ತೊಳೆದರು, ಕಾರ್ಖಾನೆಗಳಲ್ಲಿ ದುಡಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿದ್ದಾಗ ಮಾರ್ಕ್ಸನನ್ನು ಓದಿದರು. ದಿನಗೂಲಿಯ ತೂಕವನ್ನು ಬಲ್ಲ ಕೈ ಆ ಪುಸ್ತಕವನ್ನು ಹಿಡಿದಿತ್ತೆಂಬುದನ್ನು ಮರೆಯಬಾರದು. ಓಹಾಯೋದಲ್ಲಿ ಎಂ.ಎ. ಪದವಿಯನ್ನು ಪಡೆದು 1929ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಅವರ ಜಯಂತಿಯ ದಿನ ನಾವು ಸಂಪೂರ್ಣ ಕ್ರಾಂತಿಯನ್ನು ಕುರಿತು ಭಾಷಣ ಮಾಡುತ್ತೇವೆ. ಅವರು ತೊಳೆದ ತಟ್ಟೆಗಳ ಪ್ರಸ್ತಾಪ ಬರುವುದಿಲ್ಲ.

ಹಾಗೆಂದು ಈ ಬೇಸಿಗೆ ದುಡಿಮೆಯೆಲ್ಲ ಹಾಲುಜೇನೆಂದು ಹೇಳಿದರೆ ಸುಳ್ಳಾದೀತು. 2011ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯದ ಒಂದು ಚಾಕೊಲೇಟು ಉಗ್ರಾಣದಲ್ಲಿ ಹಲವು ದೇಶಗಳ ಈ ವಿದ್ಯಾರ್ಥಿಗಳೇ ಮುಷ್ಕರ ಹೂಡಿದರು. ಮೂರು ಸಾವಿರದಿಂದ ಆರು ಸಾವಿರ ಡಾಲರುಗಳವರೆಗೆ ಕೈಯಿಂದ ಕೊಟ್ಟು ಬಂದಿದ್ದ ಅವರಿಗೆ, ಭಾರವಾದ ಪೆಟ್ಟಿಗೆಗಳನ್ನು ಹಗಲಿರುಳೆನ್ನದೆ ಹೊತ್ತು, ಬಾಡಿಗೆಯ ಕಡಿತವೂ ಕಳೆದ ಮೇಲೆ, ಉಳಿಯುತ್ತಿದ್ದುದು ಅಷ್ಟಕ್ಕಷ್ಟೆ. ಸಂಸ್ಕೃತಿ ವಿನಿಮಯವೆಂದು ಕರೆದು ಹಮಾಲಿ ಮಾಡಿಸಿದ್ದಾರೆಂಬುದು ಅವರ ದೂರು. ಮರುವರ್ಷ ಸರ್ಕಾರವು ನಿಯಮಗಳನ್ನು ಬಿಗಿಮಾಡಿ ಕಾರ್ಖಾನೆ, ಕಟ್ಟಡ, ಗಣಿ, ಬೇಸಾಯಗಳ ಕೆಲಸವನ್ನು ಇವರಿಗೆ ನಿಷೇಧಿಸಿತು. ಹುಡುಗರು ದನಿಯೆತ್ತದಿದ್ದರೆ ಅಷ್ಟೂ ಆಗುತ್ತಿತ್ತೋ ಇಲ್ಲವೋ. 2015ರ ಜೂನ್ 16ರಂದು ಬರ್ಕ್ಲಿ ಪಟ್ಟಣದಲ್ಲಿ ಲಡ್ಡು ಹಿಡಿದ ಮರದ ಬಾಲ್ಕನಿಯೊಂದು ಕಳಚಿಬಿದ್ದು ಆರು ಮಂದಿ ತರುಣರು ತೀರಿಕೊಂಡರು. ಅವರಲ್ಲಿ ಐವರು ಬೇಸಿಗೆಯನ್ನು ಕಳೆಯಲು ಐರ್ಲೆಂಡಿನಿಂದ ಬಂದಿದ್ದವರು. ಸೆಪ್ಟೆಂಬರಿನಲ್ಲಿ ಕಾಲೇಜುಗಳು ತೆರೆದಾಗ ಅವರ ಸ್ಥಳಗಳು ಬರಿದಾಗಿದ್ದುವು. ರಜೆಯಲ್ಲಿ ಮಕ್ಕಳನ್ನು ದುಡಿಯಲು ಕಳಿಸುವ ಪ್ರತಿಯೊಂದು ಮನೆಯಲ್ಲಿಯೂ ಈ ಅಳುಕು ಇದ್ದೇ ಇರುತ್ತದೆ, ದೇಶ ಯಾವುದಾದರೇನು.

ಇನ್ನು ಹಿಂದಿರುಗಿದವನ ಮಾತು. ಅವನಿಗೆ ಮೊದಲ ಹದಿನೈದು ದಿನ 'ಅಲ್ಲಿ' ಎಂಬ ಜಾಡ್ಯ ತಗಲುತ್ತದೆ. ಅಲ್ಲಿ ಹಾಗೆ, ಅಲ್ಲಿ ಹೀಗೆ. ಗೆಳೆಯರು ಸಹಿಸಿಕೊಳ್ಳಬೇಕು, ಜ್ವರದಂತೆ ತಾನಾಗಿ ಇಳಿಯುತ್ತದೆ. ಇಳಿದ ಮೇಲೆ ಉಳಿಯುವುದೇ ಮುಖ್ಯ. ಮೂರು ತಿಂಗಳು ತನ್ನ ಅನ್ನವನ್ನು ತಾನೇ ಸಂಪಾದಿಸಿದವನು ಗಂಟೆ ಬಾರಿಸಿದರೆ ಏಳುವ, ಹಾಜರಿ ಕೂಗಿದರೆ ಓಗೊಡುವ ಜೀವನಕ್ಕೆ ಮತ್ತೆ ಒಗ್ಗಿಕೊಳ್ಳಬೇಕು. ಒಂದು ಗಂಟೆಗೆ ಇಷ್ಟು ಬೆಲೆಯೆಂದು ಲೆಕ್ಕ ಕಲಿತವನಿಗೆ, ಹಳೆಯ ನೋಟ್ಸನ್ನು ಓದಿ ಬರೆಸುವ ಒಂದು ಗಂಟೆ ಬಲು ದುಬಾರಿಯಾಗಿ ಕಾಣುತ್ತದೆ. (ಅಧ್ಯಾಪಕರು ಮನ್ನಿಸಬೇಕು, ಬರೆಸದವರೂ ನಮ್ಮಲ್ಲಿದ್ದಾರೆ.) ಓದಿನಿಂದ ತನಗೇನು ಬೇಕೆಂದು ಅವನು ಕೇಳತೊಡಗುತ್ತಾನೆ. ಕೇಳುವ ವಿದ್ಯಾರ್ಥಿ ಕಾಲೇಜಿಗೆ ತುಸು ತೊಂದರೆ ಕೊಡುವವನು ನಿಜ. ಆದರೆ ಅವನಿಲ್ಲದ ತರಗತಿ ಸಪ್ಪೆ.

ಇಷ್ಟನ್ನು ಓದುವಾಗಲೆಲ್ಲ ನನ್ನ ಮನಸ್ಸು ನಮ್ಮ ಕಾಲೇಜಿನ ಕಡೆಗೇ ಹೊರಳುತ್ತದೆ. ಇಲ್ಲಿಂದ ಅಮೆರಿಕೆಗೆ ಯಾರೂ ಹೋಗುವುದಿಲ್ಲ. ಆದರೆ ರಜೆ ಬಂದೊಡನೆ ನಮ್ಮಲ್ಲಿ ಅನೇಕರು ದುಡಿಯಲು ಹೊರಡುತ್ತಾರೆಂಬುದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಬೆಂಗಳೂರಿನ ಬಟ್ಟೆ ಅಂಗಡಿಗಳಿಗೆ, ಪುಣೆ ಗೋವೆಗಳ ಹೋಟೆಲುಗಳಿಗೆ, ಮದುವೆ ಅಡಿಗೆಯ ತಂಡಗಳಿಗೆ, ಮಲೆನಾಡಿನ ಕಾಫಿತೋಟಗಳಿಗೆ. ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುವ ಬೈಕುಗಳ ಮೇಲೂ ನಮ್ಮವರಿದ್ದಾರೆ. ಎರಡು ರಜೆಗಳಲ್ಲಿ ನಾನೂ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು. ಕನ್ನಡ ಬಾರದ ಊರಿನಲ್ಲಿ ಹನ್ನೆರಡು ಗಂಟೆ ನಿಂತು ದುಡಿಯುವ ಹುಡುಗನಿಗೆ ಅದು ಪರದೇಶವಲ್ಲದೆ ಮತ್ತೇನು? ಪಾಸ್‌ಪೋರ್ಟು ಬೇಡವೆಂಬುದೊಂದೇ ವ್ಯತ್ಯಾಸ.

ಆದರೆ ಹಿಂದಿರುಗಿದಾಗ ನೋಡಿ. ರಜೆ ಹೇಗೆ ಕಳೆಯಿತೆಂದು ಕೇಳಿದರೆ, "ಊರಲ್ಲೇ ಇದ್ದೆ ಸಾರ್" ಎಂಬುದು ಸಿದ್ಧ ಉತ್ತರ. ವಾರಾನ್ನ ಉಂಡು, ಬೀದಿದೀಪದಲ್ಲಿ ಓದಿ ಮೇಲೆ ಬಂದವರ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಬೇಡಿ ಉಂಡು ಓದಿದ್ದು ಗೌರವದ ಮಾತಾಗಿ, ದುಡಿದು ಉಂಡು ಓದಿದ್ದು ಮುಚ್ಚಿಡುವ ಮಾತಾದದ್ದು ಹೇಗೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಕಾಯಕವನ್ನು ಕುರಿತ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗಳಿಸಿದವರ ಭಾಷಣಕ್ಕೆ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಎಷ್ಟರ ಮೇಲೆ ಸುಟ್ಟ ಬೊಬ್ಬೆಗಳಿದ್ದುವೆಂದು ಯಾರೂ ಎಣಿಸಲಿಲ್ಲ. ಕಳೆದ ಶತಮಾನದಲ್ಲಿ ಮುಂಬಯಿಯ ಕೋಟೆ ಪ್ರದೇಶದಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ತುಳುನಾಡಿನ ಹುಡುಗರಿಗಾಗಿಯೇ ಕನ್ನಡದ ರಾತ್ರಿಶಾಲೆಗಳು ನಡೆದುವು. ಅಲ್ಲಿ ಓದಿದವರಿಗೆ ತಮ್ಮ ಕೆಲಸವನ್ನು ಬಚ್ಚಿಡುವ ಅಗತ್ಯವಿರಲಿಲ್ಲ. ಶಾಲೆ ಹುಟ್ಟಿದ್ದೇ ಆ ಕೆಲಸವನ್ನು ಒಪ್ಪಿಕೊಂಡು.

ಇಲ್ಲಿಯೇ ಆ ನಿಬಂಧನೆ ನೆನಪಿಗೆ ಬರುತ್ತದೆ. ಐರಿಷ್ ವಿದ್ಯಾರ್ಥಿಯನ್ನು ಕಾನೂನು ಹಿಂದಕ್ಕೆ ಕಳಿಸುತ್ತದೆ. ದಣಿಗೆ ಎಷ್ಟೇ ಬೇಕಾಗಿದ್ದರೂ ನಾಲ್ಕು ತಿಂಗಳ ಮೇಲೆ ಇರಿಸಿಕೊಳ್ಳುವಂತಿಲ್ಲ. ನಮ್ಮ ಹುಡುಗನನ್ನು ಹಿಂದಕ್ಕೆ ಕಳಿಸುವ ಕಾನೂನು ಯಾವುದೂ ಇಲ್ಲ. ರಜೆ ಮುಗಿಯುತ್ತ ಬಂದಾಗ ಯಜಮಾನರು ಹೆಗಲ ಮೇಲೆ ಕೈಯಿಟ್ಟು, "ಇರಪ್ಪ, ಎರಡು ಸಾವಿರ ಜಾಸ್ತಿ ಮಾಡ್ತೀನಿ, ಬಿ.ಎ. ಮಾಡಿ ಏನ್ ಮಾಡ್ತೀಯ?" ಎನ್ನುತ್ತಾರೆ. ಪ್ರಶ್ನೆ ಸುಳ್ಳಲ್ಲ, ಅದೇ ಕಷ್ಟ. ಮನೆಯಲ್ಲಿ ತಂಗಿಯ ಲಗ್ನ, ಅಪ್ಪನ ಸಾಲ. ಹೀಗೆ ಉಳಿದುಬಿಟ್ಟವರ ಹೆಸರನ್ನು ಜೂನ್ ಜುಲೈಗಳಲ್ಲಿ ಹಾಜರಿ ಪುಸ್ತಕದಲ್ಲಿ ಕೂಗುತ್ತಾರೆ, ಆಗಸ್ಟಿನಲ್ಲಿ ಕೂಗುವುದಿಲ್ಲ. ಹುಡುಗಿಯರ ಬೆಂಚಿನಲ್ಲಿ ತೆರವಾಗುವ ಸ್ಥಳಗಳಿಗೆ ಹೆಚ್ಚಾಗಿ ವೈಶಾಖದ ಲಗ್ನಗಳು ಕಾರಣ; ಆ ವಿಷಯವನ್ನು ನಮ್ಮ ಸೋದರಿಯರೇ ಬರೆದರೆ ಚೆನ್ನು.

ಹಿಂದಿರುಗಿ ಬರುವವನನ್ನು ಎಳೆದುಕೊಂಡು ಬರುವ ಶಕ್ತಿ ಯಾವುದಾದರೂ ಇದ್ದರೆ ಅದು ಇಲ್ಲಿ ತನಗೊಂದು ಸ್ಥಾನವಿದೆಯೆಂಬ ನಂಬಿಕೆಯೊಂದೇ. ಆದರೆ ಒಂದು ವಾರ ತಡವಾಗಿ ಬಂದವನಿಗೆ ಮೊದಲು ಎದುರಾಗುವುದು ಶೇಕಡ 75ರ ಹಾಜರಿಯ ಎಚ್ಚರಿಕೆ. ನಿಯಮ ವಿಶ್ವವಿದ್ಯಾನಿಲಯದ್ದು, ಪ್ರಾಂಶುಪಾಲರು ಅದನ್ನು ಬದಲಿಸಲಾರರು, ಬದಲಿಸಬೇಕೆಂದು ನಾನು ಕೇಳುವವನೂ ಅಲ್ಲ. ಆ ಎಚ್ಚರಿಕೆಗೆ ಮುಂಚೆ, ಎಲ್ಲಿದ್ದೆ, ಏನು ಕೆಲಸ ಮಾಡಿದೆ ಎಂಬ ಒಂದು ಪ್ರಶ್ನೆ ಬರಲಿ ಎಂದಷ್ಟೇ ನನ್ನ ವಾದ.

ಅರ್ಥಶಾಸ್ತ್ರದ ತರಗತಿಯಲ್ಲಿ ಕೂಲಿಯ ಸಿದ್ಧಾಂತಗಳನ್ನು ಹೇಳುವಾಗ, ಗುತ್ತಿಗೆದಾರನು ಪಗಾರವನ್ನು ಹೇಗೆ ಮುರಿದುಕೊಳ್ಳುತ್ತಾನೆಂದು ಬಲ್ಲವನೊಬ್ಬ ಮೂರನೆಯ ಬೆಂಚಿನಲ್ಲಿ ಕುಳಿತಿರುತ್ತಾನೆ. ಸಮಾಜಶಾಸ್ತ್ರದಲ್ಲಿ ವಲಸೆಯ ಪಾಠವಾಗುವಾಗ ನಾಲ್ಕು ಭಾಷೆಗಳ ಹುಡುಗರೊಡನೆ ಒಂದೇ ಕೋಣೆಯಲ್ಲಿ ಮಲಗೆದ್ದು ಬಂದವನಿರುತ್ತಾನೆ. ಅವನನ್ನು ಎಬ್ಬಿಸಿ ಕೇಳಿದರೆ ಪಾಠ ಕೆಡುವುದಿಲ್ಲ. ಆಟದಲ್ಲಿ ಗೆದ್ದು ಬಂದವರನ್ನು ನಾವು ವೇದಿಕೆಯ ಮೇಲೆ ಕರೆಯುತ್ತೇವೆ, ಶಿಬಿರಗಳಿಗೆ ಹೋಗಿ ಬಂದವರಿಂದ ವರದಿ ಓದಿಸುತ್ತೇವೆ. ಹಾಗೆಯೇ ಬರುವ ವರ್ಷ ಕಾಲೇಜು ತೆರೆದ ಮೊದಲ ವಾರದಲ್ಲಿ, ರಜೆಯಲ್ಲಿ ದುಡಿದು ಬಂದವರು ಇಷ್ಟವಿದ್ದರೆ ಎದ್ದು ಮಾತನಾಡಲು ಒಂದು ಗಂಟೆಯನ್ನು ವೇಳಾಪಟ್ಟಿಯಲ್ಲಿ ಹಾಕಬಹುದೇ ಎಂದು ವಿದ್ಯಾರ್ಥಿ ಸಂಘದ ಮೂಲಕ ಕೇಳಿಕೊಳ್ಳುತ್ತೇನೆ. ಹಾರತುರಾಯಿಗಳ ಖರ್ಚು ಬೇಡ. ಸಭಾಂಗಣ ಸಿಗದಿದ್ದರೆ ಹನ್ನೊಂದನೆಯ ಕೊಠಡಿಯೇ ಸಾಕು, ಶನಿವಾರದ ಕೊನೆಯ ಅವಧಿಯಾದರೂ ಅಡ್ಡಿಯಿಲ್ಲ.