ಬಸ್ಸಿನೊಳಗಿನ ಪಂಕ್ತಿಭೇದ

ಹಳೆಯ ಬಾಗಲಕೋಟೆಗೂ ನವನಗರಕ್ಕೂ ನಡುವಿರುವ ವಿದ್ಯಾಗಿರಿ, ಹೆಸರಿಗೆ ತಕ್ಕಂತೆ, ಬೆಳಗಾದೊಡನೆ ವಿದ್ಯಾರ್ಥಿಗಳಿಂದ ತುಂಬುತ್ತದೆ. ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್ಲ ಮಾರ್ಗಗಳ ಬಸ್ಸುಗಳು ಶಿಕ್ಷಕರನ್ನೂ ವಿದ್ಯಾರ್ಥಿಗಳನ್ನೂ, ಸೀರೆ-ಖಣಗಳ ಗಂಟು ಹೊತ್ತ ನೇಕಾರರನ್ನೂ, ಆಸ್ಪತ್ರೆಗೆ ಹೊರಟ ರೋಗಿಗಳನ್ನೂ ಒಂದೇ ಛಾವಣಿಯ ಕೆಳಗೆ ಕೂಡಿಸಿ ತರುತ್ತವೆ. ಜಾತಿ, ವೃತ್ತಿ, ವಯಸ್ಸುಗಳ ಗಣನೆಯಿಲ್ಲದೆ ಜನರು ಭುಜಕ್ಕೆ ಭುಜ ತಾಗಿಸಿ ಕುಳಿತುಕೊಳ್ಳುವ ಇಂಥ ಮತ್ತೊಂದು ಸ್ಥಳ ಈ ನಾಡಿನಲ್ಲಿದ್ದರೆ ಅದು ಮಠದ ದಾಸೋಹದ ಪಂಕ್ತಿ. ಪಂಕ್ತಿಯಲ್ಲಿ ಕಾಣುವ ಶಿಸ್ತು ಬಸ್ಸಿನಲ್ಲಿ ಏಕೆ ಕಾಣುವುದಿಲ್ಲವೆಂಬುದು ವಿದ್ಯಾಸಂಸ್ಥೆಗಳು ವಿಚಾರಿಸಲೇಬೇಕಾದ ಪ್ರಶ್ನೆಯಾಗಿದೆ.

ಬಸ್ಸು ನಿಲ್ದಾಣದೊಳಗೆ ಹೊರಳುವ ಮೊದಲೇ ಅದರ ಜೊತೆಗೆ ಓಡುತ್ತ, ಕಿಟಕಿಯೊಳಗೆ ಟವೆಲ್ಲನ್ನೋ ಕರವಸ್ತ್ರವನ್ನೋ ಪುಸ್ತಕದ ಚೀಲವನ್ನೋ ಎಸೆದು ಸೀಟು ಹಿಡಿಯುವುದು ಉತ್ತರ ಕರ್ನಾಟಕದಲ್ಲಿ ರೂಢಿಯಾಗಿ ಹೋಗಿದೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿ ಬಂದ ಮುದುಕಿಯೊಬ್ಬಳು ಬರಿದಾಗಿ ಕಂಡ ಆಸನದ ಬಳಿಗೆ ಹೋದರೆ, ಅಲ್ಲಿ ಮನುಷ್ಯರಿಲ್ಲ, ಟವೆಲ್ಲಿದೆ. "ಯಮ್ಮಾ, ಇಲ್ಲಿ ಮಂದಿ ಅದಾರ" ಎಂಬ ಮಾತು ಕಿಟಕಿಯಾಚೆಯಿಂದ ಕೇಳಿಬರುತ್ತದೆ. ಅವಳು ಮರುಮಾತಾಡದೆ ಮುಂದೆ ಸರಿಯುತ್ತಾಳೆ. ಮೊಳದುದ್ದದ ಬಟ್ಟೆಯೊಂದು ಎಪ್ಪತ್ತು ವರ್ಷದ ಜೀವಕ್ಕಿಂತ ಹಿರಿದಾಯಿತೆಂದು ಅಲ್ಲಿರುವ ಯಾರಿಗೂ ಅನಿಸುವುದಿಲ್ಲ.

ಟವೆಲ್ ಎಸೆದವನ ಪಕ್ಷದಲ್ಲಿಯೂ ಹೇಳಬೇಕಾದ ಮಾತುಂಟು. ಅವನು ಬಾಣಂತಿಯಾದ ತಂಗಿಗೋ ಮಂಡಿನೋವಿನ ತಂದೆಗೋ ಒಂದು ಆಸನ ಹಿಡಿದಿದ್ದರೆ ಅದನ್ನು ತಪ್ಪೆನ್ನಲಾಗದು. ಬಲವುಳ್ಳವನು ಬಲವಿಲ್ಲದವರಿಗಾಗಿ ಓಡಿದನೆಂದೇ ತಿಳಿಯಬೇಕು. ಆದರೆ ಬಹುಪಾಲು ಟವೆಲ್ಲುಗಳು ಅಂಥವರಿಗಾಗಿ ಬೀಳುವುದಿಲ್ಲ. ಇನ್ನೂ ಚಹಾ ಕುಡಿಯುತ್ತ ನಿಂತಿರುವ ಗೆಳೆಯರಿಗಾಗಿ ಬೀಳುತ್ತವೆ. ಆಸನವು ಅಗತ್ಯವುಳ್ಳವರಿಗೆ ಸಲ್ಲಬೇಕೋ, ಓಟ ಬಲ್ಲವರಿಗೆ ಸಲ್ಲಬೇಕೋ ಎಂಬುದೇ ಇಲ್ಲಿಯ ಮೂಲಪ್ರಶ್ನೆ.

ದಾಸೋಹದಲ್ಲಿ ಯಾರೂ ಎಲೆಯ ಮುಂದೆ ಟವೆಲ್ ಹಾಸಿ ಹೋಗುವುದಿಲ್ಲ. ಬಂದವರು ಬಂದಂತೆ ಸಾಲಾಗಿ ಕೂಡುತ್ತಾರೆ. ತಡವಾದವರು ಗೋಡೆಗೊರಗಿ ಕಾಯುತ್ತಾರೆ. ಉಂಡವರು ಹರಟುತ್ತ ಕೂಡದೆ ಎದ್ದು ಸ್ಥಳ ಬಿಡುತ್ತಾರೆ. ಈ ಶಿಸ್ತಿಗೆ ಭಕ್ತಿಯೊಂದೇ ಕಾರಣವಲ್ಲ. ಎರಡನೆಯ ಪಂಕ್ತಿಗೂ ಹುಗ್ಗಿ-ಅನ್ನ ಉಳಿದಿರುತ್ತದೆಂಬ ವಿಶ್ವಾಸವೂ ಕಾರಣ. ಮುಂದಿನ ಬಸ್ಸು ಬರುವುದೆಂಬ ಅಂಥ ವಿಶ್ವಾಸ ಪ್ರಯಾಣಿಕನಿಗಿಲ್ಲ. ನೂಕುನುಗ್ಗಲು ಹುಟ್ಟುವುದೇ ಆ ಅವಿಶ್ವಾಸದಿಂದ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು ೧೯೯೭ರಲ್ಲಿ ಪ್ರತ್ಯೇಕವಾಯಿತು. ಬಾಗಲಕೋಟೆ ಜಿಲ್ಲೆ ಅಸ್ತಿತ್ವಕ್ಕೆ ಬಂದದ್ದೂ ಅದೇ ವರ್ಷ. ಅಂದಿನಿಂದ ಶಾಲೆ-ಕಾಲೇಜುಗಳೂ ವಿದ್ಯಾರ್ಥಿಗಳೂ ಹೆಚ್ಚುತ್ತಲೇ ಬಂದಿರುವಾಗ, ಶಾಲಾ ವೇಳೆಗೆ ಹೊಂದುವ ಹೆಚ್ಚಿನ ಬಸ್ಸುಗಳನ್ನು ಬೇಡುವುದು ನ್ಯಾಯವೇ ಸರಿ. ಆದರೆ ಬಸ್ಸುಗಳು ಹೆಚ್ಚುವವರೆಗೆ ಸೌಜನ್ಯವನ್ನು ಮುಂದೂಡುವುದು ಸಾಧ್ಯವಿಲ್ಲ. ಕೊರತೆಯಿದ್ದಾಗಲೇ ಅದರ ಅಗತ್ಯ ಹೆಚ್ಚು.

ಇತ್ತೀಚಿನ ವರ್ಷಗಳಲ್ಲಿ ಈ ಕಲಹಕ್ಕೆ ಹೊಸದೊಂದು ಮಾತು ಸೇರಿಕೊಂಡಿದೆ. ೨೦೨೩ರ ಜೂನ್ ೧೧ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು, ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಯಿತು. ಅಂದಿನಿಂದ "ರೊಕ್ಕ ಕೊಟ್ಟವರು ನಿಂತಾರ, ಪುಕ್ಕಟೆ ಬಂದವರು ಕುಂತಾರ" ಎಂಬ ಚುಚ್ಚುನುಡಿ ಬಸ್ಸುಗಳಲ್ಲಿ ಕೇಳಿಬರುತ್ತಿದೆ. ನಿಂತು ಬೇಸತ್ತವನ ಸಂಕಟ ಸುಳ್ಳಲ್ಲ. ಪುರುಷರಿಗೂ ಆಸನ ದೊರೆಯಬೇಕೆಂದು ಯೋಜನೆಯ ನಿಯಮದಲ್ಲಿಯೇ ಅವಕಾಶ ಮಾಡಲಾಗಿದೆ. ಆದರೂ ಆ ಮಾತು ಎರಡು ಕಾರಣಗಳಿಂದ ಸಲ್ಲದು. ಶೂನ್ಯ ಟಿಕೆಟ್ಟಿನ ಮೊತ್ತವನ್ನು ಸರ್ಕಾರವು ಸಾರಿಗೆ ನಿಗಮಗಳಿಗೆ ಭರಿಸಬೇಕೆಂಬುದೇ ಯೋಜನೆಯ ಕಟ್ಟಳೆಯಾದುದರಿಂದ, ಆ ಪ್ರಯಾಣ ಯಾರೊಬ್ಬರ ಭಿಕ್ಷೆಯೂ ಅಲ್ಲ. ಎರಡನೆಯದಾಗಿ, ರಿಯಾಯಿತಿ ಪಾಸಿನ ವಿದ್ಯಾರ್ಥಿಗಳೂ ಇಂಥದೇ ಮಾತನ್ನು ಕೇಳುತ್ತ ಬೆಳೆದವರು. "ಪಾಸಿನವರು ಹಿಂದ ಸರೀರಿ" ಎಂಬ ನುಡಿಗೆ ತಲೆತಗ್ಗಿಸಿ ನಿಂತು ಓದಿ ಮುಂದೆ ಬಂದವರು, ಇಂದು ಅದನ್ನೇ ಹೊಲದ ಕೆಲಸಕ್ಕೆ ಹೊರಟ ತಾಯಿಗೆ ಹೇಳುವುದು ಶೋಭಿಸದು. ಕೊಟ್ಟ ಕಾಣಿಕೆಯ ಲೆಕ್ಕ ನೋಡಿ ಎಲೆ ಹಾಕುವುದನ್ನು ಹಿರಿಯರು ಪಂಕ್ತಿಭೇದವೆಂದು ಕರೆದರು. ಟಿಕೆಟ್ಟಿನ ಲೆಕ್ಕದಿಂದ ಆಸನದ ಯೋಗ್ಯತೆಯನ್ನು ಅಳೆಯುವುದೂ ಅದೇ ದೋಷ.

ಬಸ್ಸಿನ ಆಸನವೊಂದು ಕ್ಷುಲ್ಲಕ ವಿಷಯವೆಂದು ಯಾರಾದರೂ ಭಾವಿಸಿದರೆ ಇತಿಹಾಸವನ್ನು ನೆನೆಯಬೇಕು. ೧೯೦೧ರಲ್ಲಿ ಬಾಲಕ ಅಂಬೇಡ್ಕರರು ಅಣ್ಣ ಮತ್ತು ಅಕ್ಕನ ಮಕ್ಕಳೊಂದಿಗೆ ತಂದೆಯನ್ನು ಕಾಣಲು ಹೊರಟು ಮಸೂರ ನಿಲ್ದಾಣದಲ್ಲಿಳಿದಾಗ, ಅವರ ಜಾತಿ ತಿಳಿದ ಮೇಲೆ ಯಾವ ಗಾಡಿಯವನೂ ಅವರನ್ನು ಕೂಡಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ತೆತ್ತು, ಗಾಡಿಯನ್ನು ತಾವೇ ಹೊಡೆಯುವ ಕರಾರಿನ ಮೇಲೆ ಆ ಮಕ್ಕಳು ಸಾಗಬೇಕಾಯಿತು. ಅಮೆರಿಕದ ಮಾಂಟ್ಗೊಮರಿ ನಗರದಲ್ಲಿ ೧೯೫೫ರ ಡಿಸೆಂಬರ್ ೧ರಂದು ರೋಸಾ ಪಾರ್ಕ್ಸ್ ಎಂಬ ಕಪ್ಪುವರ್ಣೀಯ ಮಹಿಳೆ ಬಿಳಿಯನಿಗಾಗಿ ಆಸನ ಬಿಟ್ಟೇಳಲು ನಿರಾಕರಿಸಿದಾಗ ಎದ್ದ ಬಸ್ ಬಹಿಷ್ಕಾರ ಒಂದು ವರ್ಷವನ್ನೂ ಮೀರಿ ನಡೆಯಿತು. ಯಾರನ್ನು ಕೂಡಿಸಬೇಕು, ಯಾರನ್ನು ಏಳಿಸಬೇಕು ಎಂಬುದರಲ್ಲಿಯೇ ಸಮಾಜವು ಮನುಷ್ಯರಿಗೆ ಕಟ್ಟುವ ಬೆಲೆ ಗೋಚರಿಸುತ್ತದೆ. ಬಲವಂತದಿಂದ ಏಳಿಸುವುದು ಅನ್ಯಾಯ. ಇನ್ನೊಬ್ಬರ ಕಷ್ಟ ಕಂಡು ತಾನಾಗಿ ಏಳುವುದು ಸಂಸ್ಕಾರ.

ಈ ಸಂಸ್ಕಾರ ಜನರಲ್ಲಿ ಬತ್ತಿಹೋಗಿಲ್ಲ. ಕುಳಿತವರು ನಿಂತವರ ಚೀಲವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುವುದು, ಗುರುತಿಲ್ಲದವರ ಕೂಸನ್ನು ಮಡಿಲಿಗೆ ಕರೆದುಕೊಳ್ಳುವುದು, ಮೂವರ ಆಸನದಲ್ಲಿ ಸರಿದು ನಾಲ್ಕನೆಯವರಿಗೆ ತುಸು ಎಡೆ ಮಾಡುವುದು ಈ ಭಾಗದ ಬಸ್ಸುಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಬನಶಂಕರಿಯ ಜಾತ್ರೆಯ ಕಾಲದಲ್ಲಂತೂ ಇದಿಲ್ಲದೆ ಬಸ್ಸು ಸಾಗುವುದೇ ಅಸಾಧ್ಯ. ಇರುವ ಈ ಗುಣವನ್ನು ಶಾಲೆಗಳು ನಿಯಮವಾಗಿ ಬೆಳೆಸಬೇಕಾಗಿದೆ.

ಇಳಿಯುವವರು ಇಳಿದ ಮೇಲೆಯೇ ಹತ್ತುವುದು, ಅಶಕ್ತರಿಗಲ್ಲದೆ ಬೇರಾರಿಗೂ ಸೀಟು ಹಿಡಿಯದಿರುವುದು, ದೂರದ ಹಾದಿಯಲ್ಲಿ ಸರದಿಯಂತೆ ಕೂಡುವುದು, ಆಸನ ಬೇಡಿದವರ ಕಾಯಿಲೆಗೆ ಸಾಕ್ಷಿ ಕೇಳದಿರುವುದು ಎಂಬ ನಾಲ್ಕು ಮಾತುಗಳನ್ನು ಪ್ರಾರ್ಥನೆಯ ವೇಳೆಯಲ್ಲಿ ಹೇಳಿಕೊಡಲು ಹೆಚ್ಚು ಸಮಯ ಬೇಕಿಲ್ಲ. ಆದರೆ ಅದೇ ಬಸ್ಸಿನಲ್ಲಿ ಬರುವ ಶಿಕ್ಷಕರು ಮೊದಲು ಎದ್ದು ತೋರಿಸಬೇಕು. ವಿದ್ಯಾರ್ಥಿ ಕಿವಿಗಿಂತ ಕಣ್ಣಿನಿಂದಲೇ ಹೆಚ್ಚು ಕಲಿಯುತ್ತಾನೆ. ಗುರುಗಳಿಗಾಗಿ ಶಿಷ್ಯರು ಟವೆಲ್ ಎಸೆಯುವ ಪರಿಪಾಠವಿದ್ದರೆ ಅದು ಅಂದೇ ನಿಲ್ಲಬೇಕು. ದಾನಿಗಳು ಕೊಠಡಿಗಳನ್ನು ಕಟ್ಟಿಸುವಂತೆ, ಶಾಲೆಯ ಮುಂದಿನ ನಿಲುಗಡೆಯಲ್ಲಿ ನೆರಳನ್ನೂ ಸಾಲಿಗಾಗಿ ಕಬ್ಬಿಣದ ಕಟಕಟೆಯನ್ನೂ ಮಾಡಿಸಿಕೊಟ್ಟರೆ ಅದೂ ವಿದ್ಯಾದಾನವೇ ಆದೀತು.

ಇಳಕಲ್ಲ-ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಜೋಳಿಗೆ ಹಿಡಿದು ಮನೆಮನೆಗೆ ತೆರಳಿ ಅವರು ಹಣ ಬೇಡಲಿಲ್ಲ. ಜನರ ದುಶ್ಚಟಗಳನ್ನು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ ೧ ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲ್ಪಡುತ್ತದೆ. ತನ್ನದಲ್ಲದ ಎಡೆಯನ್ನು ಮೊದಲೇ ಹಿಡಿದಿಡುವುದೂ ಒಂದು ವ್ಯಸನವೇ. ಕಿಟಕಿಯೊಳಗೆ ಎಸೆಯುವ ಆ ಟವೆಲ್ಲನ್ನು ಇಲ್ಲಿಯ ವಿದ್ಯಾರ್ಥಿಗಳು ಆ ಜೋಳಿಗೆಗೆ ಹಾಕುವಂತಾದರೆ, ಕಂಬಿ ಹಿಡಿದು ನಿಧಾನವಾಗಿ ಮೆಟ್ಟಿಲೇರುವ ಹಿರಿಯ ಜೀವಕ್ಕೂ ಒಂದು ಎಡೆ ದೊರೆತೀತು.