ಪಾರ್ಕಿನೊಳಗೆ ಕುಳಿತು ಉಣ್ಣುವುದು ದುಂದುವೆಚ್ಚವೇ?

ರಜೆ ಬಂತೆಂದರೆ ನಮ್ಮ ಮನೆಗಳಲ್ಲಿ ಮಕ್ಕಳದ್ದು ಒಂದೇ ಹಠ, ವಾಟರ್ ಪಾರ್ಕ್. ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮಗೆ ಕಣ್ಣೂರು ಜಿಲ್ಲೆಯ ಪರಶ್ಶಿನಿಕಡವಿನ ವಿಸ್ಮಯ ಇದೆ. ಇನ್ನೂ ಸ್ವಲ್ಪ ಕೈ ಬಿಚ್ಚುವವರು ಕೊಚ್ಚಿಯ ಅಥವಾ ಬಿಡದಿಯ ವಂಡರ್‌ಲಾಗೆ ಹೋಗುತ್ತಾರೆ. ಗಲ್ಫಿನಲ್ಲಿ ಸಂಸಾರ ಇರುವವರಿಗೆ ಅಬುಧಾಬಿಯ ಯಾಸ್ ದ್ವೀಪ ಇದೆ. ಎಲ್ಲಿಗೆ ಹೋದರೂ ಮಧ್ಯಾಹ್ನ ಒಂದು ಗಂಟೆಗೆ ಜಗಳ ಒಂದೇ. ಕೌಂಟರಿನಲ್ಲಿ ಏನಾದರೂ ಕೊಂಡು ನಿಂತಲ್ಲೇ ತಿಂದು ಮುಗಿಸುವುದೋ, ಮೇಜಿಗೆ ತಂದು ಬಡಿಸುವ ರೆಸ್ಟೋರೆಂಟಿನಲ್ಲಿ ಕುಳಿತು ಉಣ್ಣುವುದೋ?

ನಾನು ಬಹಳ ವರ್ಷ ಮೊದಲಿನ ಪಕ್ಷದಲ್ಲೇ ಇದ್ದವನು. ಲೆಕ್ಕ ಸುಲಭ. ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ ಹೋದರೆ ಸಂಜೆ ಆರಕ್ಕೆ ಹೊರಗೆ. ಟಿಕೆಟಿಗೆ ಅಷ್ಟು ದುಡ್ಡು ಸುರಿದು, ಆ ಏಳು ಗಂಟೆಯಲ್ಲಿ ಒಂದು ಗಂಟೆಯನ್ನು ಅನ್ನದ ಮುಂದೆ ಕಳೆಯುವುದು ಯಾವ ಬುದ್ಧಿವಂತಿಕೆ? ಅಲ್ಲಿನ ಬಿರಿಯಾನಿಯೂ ಅಷ್ಟಕ್ಕಷ್ಟೆ. ಮದುವೆ ಮನೆಯ ಬಿರಿಯಾನಿ ಉಂಡು ಬೆಳೆದ ನಾಲಗೆಗೆ ಅದು ಹಳದಿ ಬಣ್ಣದ ಅನ್ನ ಮಾತ್ರ. ಈ ಮಾತನ್ನು ನಾನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಎರಡು ವರ್ಷಗಳ ಹಿಂದೆ ನಡೆದದ್ದನ್ನು ಹೇಳಬೇಕು. ಪಾರ್ಕಿನ ಹೆಸರು ಬೇಡ, ಏಕೆಂದರೆ ತಪ್ಪು ಅವರದ್ದಲ್ಲ, ನನ್ನದು. ನಾವು ಏಳು ಮಂದಿ, ಜೊತೆಗೆ ಉಮ್ಮ. ಉಮ್ಮನಿಗೆ ಸಕ್ಕರೆ ಕಾಯಿಲೆ, ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಒಂದೂಕಾಲಕ್ಕೆ ನಾನು ಕೌಂಟರಿನ ಸಾಲಿನಲ್ಲಿ ನಿಂತೆ. ಹತ್ತು ನಿಮಿಷದಲ್ಲಿ ಊಟ ಬರುತ್ತದೆಂದು ಎಣಿಸಿ, ಉಮ್ಮ ಇನ್ಸುಲಿನ್ ತೆಗೆದುಕೊಳ್ಳಲಿ ಎಂದು ಹೇಳಿ ಕಳಿಸಿದೆ. ಸಾಲು ಕರಗಲಿಲ್ಲ. ದುಡ್ಡು ಕೊಡಲು ಒಂದು ಸಾಲು, ಟೋಕನ್ ಹಿಡಿದು ಊಟ ಪಡೆಯಲು ಇನ್ನೊಂದು ಸಾಲು. ನಲವತ್ತು ನಿಮಿಷದ ಮೇಲೆ ಟ್ರೇ ಹಿಡಿದುಕೊಂಡು ಲಾಕರಿನ ಹತ್ತಿರ ಬಂದರೆ, ಒದ್ದೆ ಬೆಂಚಿನ ಮೇಲೆ ನಮ್ಮೆಲ್ಲರ ಬ್ಯಾಗುಗಳ ನಡುವೆ ಉಮ್ಮ ಬೆವರುತ್ತಾ ಕುಳಿತಿದ್ದಾರೆ. ಕೈ ನಡುಗುತ್ತಿದೆ, ಕೇಳಿದ್ದಕ್ಕೆ ಸರಿಯಾದ ಉತ್ತರ ಇಲ್ಲ. ಪಕ್ಕದಲ್ಲಿದ್ದ ಒಬ್ಬ ತಾಯಿ ತನ್ನ ಮಗುವಿನ ಚೀಲದಿಂದ ಮಾವಿನ ಜ್ಯೂಸ್ ತೆಗೆದು ಕುಡಿಸಿದರು. ಹದಿನೈದು ನಿಮಿಷದಲ್ಲಿ ಉಮ್ಮ ಸರಿಯಾದರು. ನನಗೆ ಸರಿಯಾಗಲು ಹೆಚ್ಚು ಹೊತ್ತು ಬೇಕಾಯಿತು.

ಆಮೇಲೆ ಯೋಚಿಸಿದೆ. ಉಮ್ಮನಿಗೂ ಟಿಕೆಟ್ ತೆಗೆದಿದ್ದೆವು. ಅವರು ಒಂದು ರೈಡಿಗೂ ಹತ್ತಲಿಲ್ಲ, ನೀರಿಗೆ ಇಳಿಯಲಿಲ್ಲ. ಇಡೀ ದಿನ ಅವರಿಗೆ ಸಿಕ್ಕಿದ್ದು ಬ್ಯಾಗು ಕಾಯುವ ಕೆಲಸ. ನಮ್ಮ ಬ್ಯಾರಿ ಕುಟುಂಬಗಳು ಪಾರ್ಕಿಗೆ ಹೋಗುವ ರೀತಿಯೇ ಇದು. ಇಬ್ಬರೇ ಹೋಗುವುದಿಲ್ಲ, ಮನೆ ಮಂದಿಯೆಲ್ಲ ಹೋಗುತ್ತೇವೆ. ಮಕ್ಕಳಿಗೆ ಅದು ರೈಡುಗಳ ದಿನ. ಹಿರಿಯರಿಗೆ, ಎಳೆ ಮಗು ಎತ್ತಿಕೊಂಡವಳಿಗೆ, ತುಂಬು ಗರ್ಭಿಣಿಗೆ ಆ ದಿನದಲ್ಲಿ ಇರುವುದು ಊಟ ಒಂದೇ. ಅದನ್ನೂ ನಿಲ್ಲಿಸಿ ತಿನ್ನಿಸಿದರೆ ಅವರನ್ನು ಕರೆದುಕೊಂಡು ಹೋದದ್ದು ಯಾಕೆ?

ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚೇ ಇಲ್ಲ ಎನ್ನುವವರಿದ್ದಾರೆ. ನಮ್ಮ ಭಾವ ಅವರಲ್ಲಿ ಒಬ್ಬರು. ಖರ್ಚಿಲ್ಲ ಎಂದರೆ ಯಾರಿಗೆ? ಐದು ಗಂಟೆಗೆ ಗಾಡಿ ಹೊರಡಬೇಕಾದರೆ ಮನೆಯ ಹೆಂಗಸರು ಮೂರಕ್ಕೆ ಎದ್ದು ಪತ್ತಿರಿ ಸುಡಬೇಕು, ಕೋಳಿ ಬೇಯಿಸಬೇಕು. ಹೆಚ್ಚಿನ ಪಾರ್ಕುಗಳು ಹೊರಗಿನ ತಿಂಡಿಯನ್ನು ಗೇಟಿನೊಳಗೆ ಬಿಡುವುದಿಲ್ಲ. ಹಾಗಾಗಿ ಮಧ್ಯಾಹ್ನ ಪಾರ್ಕಿಂಗಿಗೆ ಬಂದು, ಬಿಸಿಲಿನಲ್ಲಿ ಗಾಡಿಯ ಡಿಕ್ಕಿ ತೆರೆದು ಬಡಿಸುವುದು. ಬಡಿಸುವವರು ಯಾರು ಎಂದು ಕೇಳಬೇಕೇ? ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದ ಚೂರು ಅವರಿಗೆ. ಮನೆಯಲ್ಲಿ ದಿನಾ ನಡೆಯುವುದನ್ನೇ ಮಾಡಲು ನೂರು ಕಿಲೋಮೀಟರ್ ದೂರ ಹೋಗಬೇಕಾಗಿಲ್ಲ ಮಾರಾಯ್ರೆ.

ಈ ವಿಷಯದಲ್ಲಿ ದೊಡ್ಡ ದೊಡ್ಡವರೂ ಎಡವಿದ್ದಾರೆ. 1992ರಲ್ಲಿ ಪ್ಯಾರಿಸ್ ಹತ್ತಿರ ಡಿಸ್ನಿಯವರು ಪಾರ್ಕ್ ತೆರೆದಾಗ, ಜನ ಅಮೆರಿಕದಲ್ಲಿ ತಿನ್ನುವ ಹಾಗೆಯೇ ಇಲ್ಲೂ ಅಡ್ಡಾಡುತ್ತಾ ಹೊತ್ತಲ್ಲದ ಹೊತ್ತಿಗೆ ಏನಾದರೂ ತಿನ್ನುತ್ತಾರೆ ಎಂದು ಎಣಿಸಿದ್ದರು. ಬಂದವರೆಲ್ಲ ಹನ್ನೆರಡೂವರೆಗೆ ಒಟ್ಟಿಗೆ ಊಟಕ್ಕೆ ಕೂರಲು ನಿಂತರು. ಕುರ್ಚಿ ಸಾಲಲಿಲ್ಲ, ಸಾಲು ಉದ್ದವಾಯಿತು, ಬೈಗುಳ ಬಂತು. ಊಟದ ಜೊತೆ ವೈನ್ ಇಲ್ಲ ಎಂಬ ಸಿಟ್ಟು ಬೇರೆ. ಅದು ನಮಗೆ ಬೇಡದ ವಿಷಯ ಬಿಡಿ. ಆದರೆ ಒಟ್ಟಿಗೆ ಕೂತು ಉಣ್ಣಬೇಕು ಎನ್ನುವ ಅವರ ಹಠ ನಮಗೆ ಅರ್ಥವಾಗದ್ದಲ್ಲ. ಸುಪ್ರ ಹಾಸಿ ಸುತ್ತ ಕೂತು ಉಂಡವರು ನಾವು. ಇನ್ನೊಂದು ಮಾತು, ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಮನೆಯ ತಿಂಡಿ ಒಳಗೆ ಒಯ್ಯಲು ಬಿಡುತ್ತಾರೆ. ಅಲ್ಲಿ ರೆಸ್ಟೋರೆಂಟಿಗೆ ಹೋಗುವುದು ಜನರ ಆಯ್ಕೆ. ಇಲ್ಲಿ ಗೇಟಿನಲ್ಲೇ ಬುತ್ತಿ ತಡೆದು, ಒಳಗೆ ಹೇಳಿದ ಬೆಲೆ ಕೊಡಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಿನಿಮಾ ಮಂದಿರಗಳ ಬಗ್ಗೆ ತೀರ್ಪು ಕೊಡುವಾಗ, ಹೊರಗಿನ ತಿಂಡಿ ಬೇಡ ಎನ್ನುವ ಹಕ್ಕು ಮಾಲೀಕರಿಗಿದೆ, ಆದರೆ ಕುಡಿಯುವ ನೀರು ಉಚಿತವಾಗಿ ಕೊಡಬೇಕು, ಎಳೆ ಮಗುವಿನ ಆಹಾರ ತಡೆಯಬಾರದು ಎಂದಿತು. ಅದು ಸಿನಿಮಾದ ಮಾತು. ಪಾರ್ಕಿನವರು ತಾವಾಗಿಯೇ ಅಷ್ಟು ಮಾಡಿದರೆ, ಜೊತೆಗೆ ಸಕ್ಕರೆ ಕಾಯಿಲೆಯವರ ಡಬ್ಬಿಯನ್ನೂ ಬಿಟ್ಟರೆ ಅವರ ಗಂಟೇನೂ ಹೋಗುವುದಿಲ್ಲ. ನೀವು ಗೇಟಿನಲ್ಲಿ ಔಷಧದ ಚೀಟಿ ತೋರಿಸಿ ಕೇಳಿ, ನಾಚಿಕೆ ಬೇಡ.

ಕಳೆದ ವರ್ಷ ಮತ್ತೆ ಹೋದಾಗ ನಾನೇ ಹಠ ಹಿಡಿದು ಎಲ್ಲರನ್ನೂ ಹನ್ನೆರಡು ಗಂಟೆಗೇ ರೆಸ್ಟೋರೆಂಟಿಗೆ ಕರೆದೊಯ್ದೆ. ಆ ಹೊತ್ತಿಗೆ ಮೇಜುಗಳು ಖಾಲಿ ಇದ್ದವು. ಉಮ್ಮ ಊಟ ಮೇಜಿಗೆ ಬಂದದ್ದನ್ನು ಕಣ್ಣಾರೆ ನೋಡಿಯೇ ಸೂಜಿ ಚುಚ್ಚಿಕೊಂಡರು. ಕೋಳಿ ಹಲಾಲೇ ಎಂದು ಕೇಳಲು ಬಡಿಸುವ ಹುಡುಗ ಒಳಗೆ ಹೋಗಿ ಮ್ಯಾನೇಜರನ್ನೇ ಕರೆತಂದ. ಹಿಂದೆ ಮೂವತ್ತು ಮಂದಿ ತಳ್ಳುವ ಕೌಂಟರಿನಲ್ಲಿ ಆ ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಹೇಗೆ? ಉತ್ತರ ಸಿಗದೆ ನಾವು ಎಷ್ಟು ಸಲ ಫ್ರೆಂಚ್ ಫ್ರೈಸ್ ತಿಂದು ಬಂದಿಲ್ಲ!

ಇನ್ನೂ ಒಂದು ಸಂಗತಿ ನಾನು ಎಣಿಸಿಯೇ ಇರಲಿಲ್ಲ. ಉಮ್ಮ ಓದಿದ್ದು ಮಂಜೇಶ್ವರದ ಕನ್ನಡ ಶಾಲೆಯಲ್ಲಿ, ಅದೂ ಐದನೆಯವರೆಗೆ. ಕೌಂಟರಿನ ಮೇಲೆ ತೂಗುವ ಬೋರ್ಡಿನ ಮಲಯಾಳವೂ ಇಂಗ್ಲಿಷೂ ಅವರಿಗೆ ಓದಲು ಬಾರದು. ಅಲ್ಲೆಲ್ಲ ನಾವು ತಂದದ್ದನ್ನು ತಿನ್ನುತ್ತಿದ್ದರು. ಮೇಜಿನಲ್ಲಿ ಆ ಹುಡುಗ ಬಗ್ಗಿ ಒಂದೊಂದೇ ಹೆಸರು ಮಲಯಾಳದಲ್ಲಿ ಹೇಳಿದ, ಉಮ್ಮ ಬ್ಯಾರಿಯಲ್ಲಿ ಉತ್ತರ ಕೊಟ್ಟರು. ಅವನಿಗೆ ಅರ್ಥವಾಯಿತು. ಮೀನು ಬೇಕು, ಖಾರ ಕಡಿಮೆ, ಅನ್ನ ಅರ್ಧ ಸಾಕು. ತನಗೆ ಬೇಕಾದದ್ದನ್ನು ಉಮ್ಮ ತಾನೇ ಹೇಳಿ ತರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹಾಗೆಂದು ಎಲ್ಲರೂ ಹೋಗಿ ಕುಳಿತುಕೊಳ್ಳಿ ಎನ್ನುತ್ತಿಲ್ಲ. ಹುಡುಗರ ದಂಡು ಹೋಗಿದ್ದರೆ ರೆಸ್ಟೋರೆಂಟ್ ದಂಡ. ಒಂದು ಪೊರೋಟ ರೋಲ್ ತಿಂದು ಓಡಿ, ಎಲ್ಲರೂ ಉಣ್ಣುವ ಹೊತ್ತಿಗೆ ರೈಡಿನ ಸಾಲು ಚಿಕ್ಕದಿರುತ್ತದೆ. ಒಂದೂವರೆಗೆ ಹೋಗಿ ರೆಸ್ಟೋರೆಂಟಿನ ಬಾಗಿಲಲ್ಲೂ ಮುಕ್ಕಾಲು ಗಂಟೆ ಕಾಯುವುದಾದರೆ ಅದಕ್ಕಿಂತ ಕೌಂಟರೇ ಮೇಲು. ಬಿಲ್ಲನ್ನೂ ಓದಿ ನೋಡಿ. ಸರ್ವಿಸ್ ಚಾರ್ಜ್ ಕೊಡಲೇಬೇಕೆಂದಿಲ್ಲ, 2022ರ ಗ್ರಾಹಕ ಪ್ರಾಧಿಕಾರದ ಸೂಚನೆಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಎತ್ತಿ ಹಿಡಿದಿದೆ. ಬಾಟಲಿ ನೀರು ತರಿಸಬೇಡಿ. ಮೇಜಿಗೆ ತಂದು ಕೊಡುವ ಬಾಟಲಿಗೆ ಎಂಆರ್‌ಪಿಗಿಂತ ಹೆಚ್ಚು ಹಾಕಬಹುದು ಎಂದು 2017ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಜಗ್ಗಿನ ನೀರು ಕೇಳಿದರೆ ಕೊಡುತ್ತಾರೆ.

ನಮ್ಮ ಏಳು ಮಂದಿಯ ಊಟಕ್ಕೆ ಐವತ್ತೈದು ನಿಮಿಷ ಹಿಡಿಯಿತು. ಅಷ್ಟರಲ್ಲಿ ಎರಡು ರೈಡ್ ತಪ್ಪಿತು ಎಂದು ಮಗ ಮುಖ ಊದಿಸಿದ, ಲುಹರ್ ನಮಾಜ್ ಮುಗಿಸಿ ಹೊರಗೆ ಬರುವಾಗ ಮರೆತೂಬಿಟ್ಟ. ಚಿಕ್ಕವಳು ಅವಳ ಉಮ್ಮನ ಮಡಿಲಲ್ಲೇ ನಿದ್ದೆ ಹೋದಳು. ಕೌಂಟರಿನಲ್ಲಿ ತಿಂದಿದ್ದರೆ ಆಗುತ್ತಿದ್ದುದಕ್ಕಿಂತ ಸುಮಾರು ಸಾವಿರ ರೂಪಾಯಿ ಹೆಚ್ಚಾಯಿತು. ಈ ಪೆರ್ನಾಲ್ ರಜೆಗೂ ಅಷ್ಟು ತೆಗೆದಿಟ್ಟಿದ್ದೇನೆ. ಆ ದಿನದ ಬಿಲ್ಲು ಎಷ್ಟಾಯಿತೆಂದು ಉಮ್ಮ ಇನ್ನೂ ಕೇಳುತ್ತಿದ್ದಾರೆ. ಕೇಳಿದಾಗೆಲ್ಲ ನಾನು ಮೀನು ಹೇಗಿತ್ತು ಎಂದು ಮಾತು ತಿರುಗಿಸುತ್ತೇನೆ.