ತಕರಾರು ‘ಆದ್ದರಿಂದ’ದ ಬಗ್ಗೆ

ವಂಚಕರು ಬಂಗಲೆ ಕಟ್ಟುತ್ತಾರೆ, ಸಜ್ಜನರು ಬಾಡಿಗೆ ಕಟ್ಟುತ್ತಾರೆ; ಆದ್ದರಿಂದ ದೇವರ ಮೇಲಿನ ಭರವಸೆ ಸೋತವರು ಕೈಕಟ್ಟಿ ಕೂರಲು ಹುಡುಕಿಕೊಂಡ ನೆಪ. ಕಳೆದ ಸಂಚಿಕೆಯ ಲೇಖನದ ವಾದವಿದು. ಮೊದಲರ್ಧ ಬಹುಪಾಲು ನಿಜ. ತಕರಾರಿರುವುದು ಆ ‘ಆದ್ದರಿಂದ’ದ ಬಗ್ಗೆ.

ಲೇಖಕರು ಇದನ್ನು ಹೊಸ ಶೋಧವೆಂಬಂತೆ ಮಂಡಿಸಿದ್ದಾರೆ. ಬೈಬಲಿನ 73ನೇ ಕೀರ್ತನೆಯಲ್ಲಿ ಕೀರ್ತನೆಕಾರ ಆಸಾಫನೇ ದುಷ್ಟರ ಸುಖ ಕಂಡು ಹೊಟ್ಟೆ ಉರಿದುಕೊಂಡದ್ದನ್ನು, ಇನ್ನೇನು ಕಾಲು ಜಾರುವುದರಲ್ಲಿದ್ದುದನ್ನು ಒಪ್ಪಿಕೊಂಡಿದ್ದಾನೆ. ಪ್ರಶ್ನೆಯನ್ನು ಯಾರೂ ಮುಚ್ಚಿಟ್ಟಿಲ್ಲ.

ಇನ್ನು ಆ ಸುಖದ ಒಳಮನೆ. ನ್ಯೂಯಾರ್ಕಿನ ಹೂಡಿಕೆ ವಂಚಕ ಬರ್ನಾರ್ಡ್ ಮೇಡಾಫ್ 2008ರ ನವೆಂಬರಿನಲ್ಲೂ ಹಲವರ ಕಣ್ಣು ಕುಕ್ಕುವ ಶ್ರೀಮಂತ. ಅವನ ಕಚೇರಿಯ 17ನೇ ಮಹಡಿಯಲ್ಲಿ ಸುಳ್ಳು ಲೆಕ್ಕಪತ್ರ ಮುದ್ರಿಸಿ, ಬಿಸಿ ಆರಲೆಂದು ಫ್ರಿಜ್ಜಿನಲ್ಲಿಟ್ಟು, ಹಳತಾಗಿ ಕಾಣಲೆಂದು ಚೆಂಡಿನಂತೆ ಎಸೆದಾಡುತ್ತಿದ್ದರು. ಇಂಥ ಬದುಕಿನ ಮೇಲೆ ಹೊಟ್ಟೆಕಿಚ್ಚೇ? ಡಿಸೆಂಬರ್ 11ರಂದು ಬಂಧನ, ಮರುವರ್ಷ 150 ವರ್ಷಗಳ ಶಿಕ್ಷೆ, 2021ರಲ್ಲಿ ಸೆರೆಯಲ್ಲೇ ಸಾವು.

ಎಲ್ಲ ವಂಚಕರೂ ಸಿಕ್ಕಿಬೀಳುವುದಿಲ್ಲ, ಒಪ್ಪಬೇಕಾದ್ದೇ. 37ನೇ ಕೀರ್ತನೆ ತಾಳ್ಮೆಯಿಂದ ಕಾಯಲು ಹೇಳುವುದೂ ಅದಕ್ಕೇ. ಆದರೆ ಕೈಕಟ್ಟಿ ಕೂರಲು ಅದು ಹೇಳಿಲ್ಲ. ದೇವರನ್ನು ನಂಬು ಎಂದ ಉಸಿರಿನಲ್ಲೇ ಒಳ್ಳೆಯ ಕೆಲಸ ಮಾಡೆನ್ನುತ್ತದೆ. ಈ ಮಾತಿರುವುದು ಮೂರನೆಯ ವಚನದಲ್ಲಿ. ಲೇಖಕರು ಅಲ್ಲಿಯವರೆಗಾದರೂ ಓದಬೇಕಿತ್ತು.